ಆರತಿ ಹೊಳೆ ದಾಟಿದ್ದು

ಧಾರವಾಡದ ಹತ್ತಿರದ ಮುಗದದಲ್ಲಿ ಈ ಸಂಗತಿಯನ್ನು ಇಬ್ಬರು ಹೇಳುತ್ತಾರೆ: ಶಿವಬಸವ್ವ ಮತ್ತು ಅವರ ನೆರೆಮನೆಯ ಅಬೀದಾ. ಇಬ್ಬರ ಮಾತೂ ಹೆಚ್ಚುಕಡಿಮೆ ಒಂದೇ.

ಶಿವಬಸವ್ವ ತಮ್ಮ ಮಗಳು ಆರತಿಯನ್ನು ಕೃಷ್ಣಾ ನದಿಯ ಆಚೆ ದಂಡೆಯ ಹಳ್ಳಿಗೆ ಕೊಟ್ಟಿದ್ದರು. ಆ ಶ್ರಾವಣದಲ್ಲಿ ಅವಳಿಗೆ ಒಂಬತ್ತು ತಿಂಗಳು. ಆಸ್ಪತ್ರೆ ಈಚೆ ದಂಡೆಯಲ್ಲಿ. ನಡುವೆ ಒಂದು ತಗ್ಗು ಸೇತುವೆ. ಒಂದು ಮುಂಜಾನೆ ಅಳಿಯ ಬಸವಕಿರಣ ಫೋನ್ ಮಾಡಿದ.

“ಅತ್ತಿ, ಮಹಾರಾಷ್ಟ್ರದ ಡ್ಯಾಮಿನಿಂದ ನೀರು ಬಿಟ್ಟಾರಂತ. ನಾಳೆ ಸೇತುವಿ ಮುಳಗತೈತಿ ಅಂತ ತಾಲೂಕ ಕಚೇರಿಯಿಂದ ಡಂಗುರ ಹೊಡಸ್ಯಾರ. ಆರತಿ ನಿಮ್ಮ ಮಾತಿಲ್ಲದ ಏಳಂಗಿಲ್ಲ ಅನ್ನಾಕತ್ತಾಳ. ಕರಕೊಂಡ ಬರಲ್ಯಾ?”

“ಬ್ಯಾಡಪ್ಪಾ! ದಿನ ತುಂಬಿದ ಬಸುರಿ ಹರಿಯೂ ಹೊಳಿ ದಾಟಬಾರದು. ನಮ್ಮ ಮನ್ಯಾಗ ಯಾರೂ ದಾಟಿಲ್ಲ.”

ಅಬೀದಾ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದರು. ನೀರಾವರಿ ಕಚೇರಿಯಲ್ಲಿ ನದಿಯ ಮಟ್ಟ ಬರೆದಿಡುವ ಕೆಲಸದಿಂದ ನಿವೃತ್ತರಾದವರು ಅವರು. ಶಿವಬಸವ್ವ ಫೋನ್ ಇಟ್ಟು ಅಳಿಯ ಹೇಳಿದ್ದನ್ನೆಲ್ಲ ಅವರಿಗೆ ತಿಳಿಸಿದರು.

“ನೀನ ಹೇಳು ಅಬೀದಾ. ಬ್ಯಾಸಿಗ್ಯಾಗ ನೀರು ಬಿಡ್ರಿ ಅಂದ್ರ ಆ ಮಹಾರಾಷ್ಟ್ರದ ಮಂದಿಗೆ ಕಿವಿ ಕೇಳಂಗಿಲ್ಲ. ಈಗ ನನ್ನ ಮಗಳ ಸಲುವಾಗಿ ಫೋನ್ ಹಚ್ಚ್ಯಾರೇನು?”

“ನಿನ್ನ ಮಗಳು ಅವರಿಗೆ ಹ್ಯಾಂಗ ಗೊತ್ತಬೇ?” ಅಬೀದಾ ನಕ್ಕರು. “ಜಗಳ ಅದಾವ, ಖರೇ. ಜಗಳ ಇದ್ರೂ ಸುದ್ದಿ ನಿಲ್ಲಬಾರದು. ಎಷ್ಟು ಮಳಿ ಆತು, ಎಷ್ಟು ನೀರು ಬಿಟ್ರು, ಮಳಿಗಾಲದಾಗ ನಮ್ಮವರಿಗೆ ತಿಳಸತಾರ. ನಮ್ಮವರು ಕೆಳಗಿನ ಡ್ಯಾಮಿನ ಬಾಗಲಾ ತಗದು ನೀರಿಗೆ ಹಾದಿ ಮಾಡತಾರ. ತಗೀಲಿಲ್ಲಂದ್ರ ತಮ್ಮ ಊರಾಗೂ ನೀರು ನಿಲ್ಲತೈತಿ ಅಂತ ಮಹಾರಾಷ್ಟ್ರದವರಿಗೂ ಅಂಜಿಕಿ. ಆ ಅಂಕಿ ನಾನ ಬರಕೊಂಡೇನಿ. ಕೆಳಗ ತೆಲಂಗಾಣದವರಿಗೂ ಹೋಗತಿದ್ದವು.”

“ಹಂಗಾರ ಹಿರೇರ ಮಾತು ಸುಳ್ಳೇನು?”

“ಯಾರಂದ್ರು? ಅವರ ಕಾಲಕ್ಕ ಮ್ಯಾಲಿನ ಸುದ್ದಿ ಬರತಿರಲಿಲ್ಲ. ದೋಣಿ ನಡುಹೊಳ್ಯಾಗ ಇದ್ದಾಗ ನೀರು ಬಂದ್ರ? ಅದಕ್ಕ ದಾಟಬ್ಯಾಡ ಅಂದ್ರು. ಈಗ ಸುದ್ದಿ ಮುಂದ ಬಂದೈತಿ, ನೀರು ಹಿಂದ ಐತಿ. ನಾಳೆ ಬ್ಯಾನಿ ಎದ್ದರ ಏನ ಮಾಡ್ತಿ?”

ಶಿವಬಸವ್ವ ತಾವೇ ಮಗಳಿಗೆ ಫೋನ್ ಹಚ್ಚಿದರು.

“ಆರತೀ, ಹೊಳಿಗೆ ಉಡಿ ತುಂಬಿ ಲಗೂ ಬಾ.”

“ಬೈಯಂಗಿಲ್ಲಲ್ಲ ಅವ್ವಾ?”

“ಬಂದ ಮ್ಯಾಲೆ ಬೈತೇನಿ. ಮೊದಲ ಬಾ.”

ಆರತಿ ಹೊಳೆಗೆ ಖಣ, ತೆಂಗಿನಕಾಯಿ ಅರ್ಪಿಸಿದಳೆಂದು ಅಬೀದಾ ಹೇಳುತ್ತಾರೆ. ಬರೀ ಖಣವೆಂದು ಶಿವಬಸವ್ವ. ಅವಳು ಸಂಜೆಗೆ ಮುಗದ ಮುಟ್ಟಿದಳು. ಮರುದಿನ ಸೇತುವೆ ಕಾಣಲಿಲ್ಲ. ಮೂರನೆಯ ದಿನ ಧಾರವಾಡದ ಆಸ್ಪತ್ರೆಯಲ್ಲಿ ಹೆಣ್ಣುಮಗು ಹುಟ್ಟಿತು.

ಮೊಮ್ಮಗಳನ್ನು ಎತ್ತಿಕೊಂಡು ಶಿವಬಸವ್ವ ಕೇಳಿದರು: “ಅಬೀದಾ, ಆ ನೀರು ಈಗ ಎಲ್ಲಿಗೆ ಹೊಂಟಿರಬೇಕು?”

“ತೆಲಂಗಾಣದ ಕಡೆ.”

“ಅಲ್ಲೂ ದಂಡಿ ಮ್ಯಾಲೆ ಯಾವಾಕಿನರೆ ಬಸುರಿ ಇರತಾಳ. ಆಕಿಗೆ ಹೇಳ್ಯಾರೇನು?”

“ಹೇಳಿರತಾರ.”

“ಇನ್ನೊಮ್ಮೆ ಹೇಳಾಕ ಹೇಳು.”

ತಾಯಂದಿರೇ, ಅಣ್ಣಂದಿರೇ, ನದಿ ದಂಡೆಯಲ್ಲಿ ನಿಮ್ಮವರಿದ್ದರೆ ಪ್ರವಾಹದ ಎಚ್ಚರಿಕೆಯನ್ನು ಹಗುರವಾಗಿ ಕಾಣಬೇಡಿ. ಅದು ಯಾವ ರಾಜ್ಯದಿಂದ ಬಂದರೂ ನಂಬಿಕೆಯಿಂದ ಕೇಳಿ. ಸಂಶಯವಿದ್ದರೆ ತಹಶೀಲ್ದಾರ್ ಕಚೇರಿಯಲ್ಲಿ ವಿಚಾರಿಸಿ. ಬಸುರಿಯರನ್ನು, ವೃದ್ಧರನ್ನು ನೀರು ಬರುವ ಮೊದಲೇ ಸುರಕ್ಷಿತ ಜಾಗಕ್ಕೆ ಕರೆತನ್ನಿ. ಸುದ್ದಿ ನಿಮಗೆ ತಲುಪಿದ ಮೇಲೆ, ಕೆಳಗಿನ ಊರಿಗೆ ನೀವೇ ಒಂದು ಫೋನ್ ಮಾಡಿ.