ಬಾಣಂತಿ ಕೋಣೆಯ ಹೊರಗೆ

೧೯೬೩ರ ಮಾರ್ಚ್ ತಿಂಗಳಲ್ಲಿ ನಾನು ಟಾಂಗಾನಿಕದಿಂದ ನಾವುಂದದ ಮನೆಗೆ ಬಂದಾಗ ತಂಗಿ ತುಂಗಾ ಹೆತ್ತು ನಾಲ್ಕು ದಿನವಾಗಿತ್ತು. ಹಿತ್ತಲಲ್ಲಿ ಬಾಣಂತಿ ಸ್ನಾನದ ಹಂಡೆ ಕಾಯುತ್ತಿತ್ತು. ಅಮ್ಮ ಮಗುವನ್ನು ಕೋಣೆಯ ಹೊಸ್ತಿಲವರೆಗೆ ತಂದು, ಮುಟ್ಟಗೊಡದೆ ತೋರಿಸಿದಳು. ಹೆರಿಗೆಯ ಅಮೆ, ಅಂದರೆ ಸೂತಕ, ಕಳೆಯುವವರೆಗೆ ಗಂಡಸರು ಆ ಕೋಣೆಗೆ ಕಾಲಿಡುವಂತಿರಲಿಲ್ಲ.

ಎರಡು ವರ್ಷ ಆಫ್ರಿಕದ ಒಂದು ಹಳ್ಳಿಯಲ್ಲಿ, ಮಣ್ಣುಗೋಡೆಯ ಆಸ್ಪತ್ರೆಯಲ್ಲಿ, ಸಂಬಳವಿಲ್ಲದೆ ಡಾಕ್ಟರಾಗಿ ದುಡಿದಿದ್ದೆ. ಊರವರಿಗೆ ಅದು ಹೆಮ್ಮೆ. ಮರುದಿನ ಸಂಜೆ ಶಾಲೆಯಲ್ಲಿ ನನಗೆ ಸನ್ಮಾನವಿತ್ತು.

ಸನ್ಮಾನದ ದಿನ ಬೆಳಿಗ್ಗೆ ಸೂಲಗಿತ್ತಿ ಗುಲಾಬಿ ಹೊರಗೆ ಬಂದು, "ಡಾಕ್ಟ್ರೇ, ತುಂಗಮ್ಮಂಗೆ ಮೈ ಕೆಂಡ ಆಯ್ತ್. ನಡುಗ್ತೂ ಇದ್ರ್. ಒಂದ್ಸಲ ಕಾಣಿ" ಎಂದಳು.

ನನ್ನ ಚೀಲದಲ್ಲಿ ಪೆನಿಸಿಲಿನ್ ಇತ್ತು. ಹಿಡಿದುಕೊಂಡು ಎದ್ದೆ. ಅಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಅಮೆ ಕಳೀದೆ ಒಳ್ಗ್ ಬಪ್ಪುಕಾಗ."

"ಬಾಣಂತಿ ಜ್ವರ ಅಮ್ಮಾ ಅದ್. ಸೂಜಿ ಕೊಡ್ದಿರೆ ಜೀವಕ್ಕೇ ಕಷ್ಟ."

"ನಾ ಏಳ್ ಹೆತ್ತವ್ಳ್. ಮೈ ಬಿಸಿ ಆತ್ತ್, ಇಳೀತ್ತ್. ಆಫ್ರಿಕಾದಲ್ಲ್ ನೀ ಎಂತ ಬೇಕಾರೂ ಮಾಡ್. ಇದ್ ದೈವ ಇಪ್ಪ ಮನಿ. ಊರವ್ರ್ ಎಂತ ಹೇಳ್ತ್ರ್ ಮಗಾ?"

ಅವಳ ಕೈ ಸರಿಸಿ ಒಳಗೆ ಹೋಗಬಹುದಿತ್ತು. ಸಭೆಯ ದಿನ ಮನೆಯಲ್ಲಿ ಗಲಾಟೆ ಬೇಡವೆಂದುಕೊಂಡು, ಸೂಜಿಯ ಬದಲು ಮಾತ್ರೆಗಳನ್ನು ಅವಳ ಕೈಗೆ ಕೊಟ್ಟು ಹಿಂದಕ್ಕೆ ಬಂದೆ.

ಸಂಜೆ ಹಾರ ಹಾಕಿದರು. ನಾನು ಒಂದು ಕಥೆ ಹೇಳಿದೆ. ಆಫ್ರಿಕದ ಆ ಹಳ್ಳಿಯಲ್ಲಿ ಒಬ್ಬ ಗಂಡ, ಹೆತ್ತ ಹೆಂಡತಿ ಜ್ವರದಲ್ಲಿ ಬೇಯುತ್ತಿದ್ದರೂ ನನ್ನನ್ನು ಗುಡಿಸಲೊಳಗೆ ಬಿಡಲಿಲ್ಲ. 'ನಿನ್ನ ಕಟ್ಟಳೆ ದೊಡ್ಡದೋ, ಅವಳ ಜೀವವೋ?' ಎಂದು ಗದರಿ ಒಳನುಗ್ಗಿ ಅವಳನ್ನು ಉಳಿಸಿದ್ದೆ. ಜನ ಚಪ್ಪಾಳೆ ತಟ್ಟಿದರು. ನಾನು ಕೈಮುಗಿದೆ. ಆಗಲೂ ನನಗೆ ನಾಚಿಕೆಯಾಗಲಿಲ್ಲ.

ಮರುದಿನ ವಿಚಾರಿಸಿದೆ. "ಇಳ್ದಿತ್ತ್" ಎಂದಳು ಅಮ್ಮ. ನಂಬಿದೆ. ನಂಬುವುದೇ ಸುಲಭವಾಗಿತ್ತು.

ಅದರ ಮರುದಿನ ಗುಲಾಬಿ ಚೀರಿಕೊಂಡಳು. ಓಡಿದೆ. ಅಮ್ಮ ಈ ಸಲ ತಡೆಯಲಿಲ್ಲ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಹೊಗೆ ತುಂಬಿತ್ತು. ನನ್ನ ಮಾತ್ರೆಗಳು ಗೋಡೆಯ ಗೂಡಿನಲ್ಲಿ ಹಾಗೆಯೇ ಇದ್ದವು. ಎದೆಹಾಲು ಕೆಡುತ್ತದೆಂದು ಅಮ್ಮ ಕೊಟ್ಟೇ ಇರಲಿಲ್ಲ. ಸೂಜಿ ಚುಚ್ಚಿದೆ. ತುಂಗಾ ಕಣ್ಣು ಬಿಟ್ಟಳು.

"ನೀ ಹೊರ್ಗ್ ಮಾತಾಡುದ್ ಕೇಂತಿತ್ತ್ ಅಣ್ಣಾ. ಈಗ ಬತ್ತ, ಈಗ ಬತ್ತ ಅಂದ್ಕಂಡ್ ಕಾದೆ."

ಮಧ್ಯಾಹ್ನದ ಹೊತ್ತಿಗೆ ಅವಳ ಉಸಿರು ನಿಂತಿತು.

ಉತ್ತರಕ್ರಿಯೆಯ ಬೊಜ್ಜದ ದಿನ ನೆಂಟರು ಚಪ್ಪರದಲ್ಲಿ ಕುಳಿತು, "ಹಣಿಬರ. ಯಾರ್ ಎಂತ ಮಾಡುದ್?" ಎಂದರು. ಅಮ್ಮ ತಲೆಯಾಡಿಸಿದಳು. ನಾನು ಎದ್ದು ನಿಂತೆ.

"ಹಣಿಬರ ಅಲ್ಲ. ಮದ್ದ್ ಈ ಮನಿ ಒಳ್ಗೇ ಇತ್ತ್. ನಾನೂ ಇದ್ದೆ. ಅಮೆ ಅಂದೇಳಿ ಅಮ್ಮ ತಡದ್ಲ್, ಊರವ್ರಿಗೆ ಹೆದ್ರಿ ನಾ ಹೊರ್ಗೇ ನಿಂತೆ. ತುಂಗನ್ನ ಕೊಂದದ್ದ್ ನಾವ್."

ಅಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಆಮೇಲೆ ಹೆಂಗಸರ ನಡುವಿನಿಂದ ಚಿಕ್ಕಮ್ಮ ಜಲಜ ಕೇಳಿದಳು:

"ಮುಂದಿನ ತಿಂಗ್ಳ್ ನನ್ನ ಮಗ್ಳ್ ಸರಸ ಹೆರ್ತ್ಲ್. ಕರದ್ರೆ ಒಳ್ಗ್ ಬತ್ಯಾ?"

"ಬತ್ತೆ" ಎಂದೆ. ತಲೆಯೆತ್ತಿ ಚಿಕ್ಕಮ್ಮನ ಮುಖ ನೋಡಲು ನನ್ನಿಂದಾಗಲಿಲ್ಲ.