ಅತ್ತೆಯ ಕೋರೆಹಲ್ಲು

ದೊಡ್ಡಬಳ್ಳಾಪುರದ ಹಲ್ಲಿನ ಡಾಕ್ಟರ್ ಪ್ರಮೋದಾ ಅವರ ಕ್ಲಿನಿಕ್ಕಿಗೆ ಸರ್ವರ್ ಬೇಗಂ ಮೊದಲು ಹೋದದ್ದು ಸೊಸೆಯ ಜೊತೆಗೆಂದು. ಬಾಶೆಟ್ಟಿಹಳ್ಳಿಯ ಕಾರ್ಖಾನೆಯಲ್ಲಿ ಲೆಕ್ಕಪತ್ರ ನೋಡುವ ನೌರೀನ್, ಉಬ್ಬುಹಲ್ಲಿಗೆ ತಂತಿ ಹಾಕಿಸಿಕೊಳ್ಳಲೇಬೇಕೆಂದು ಹಟ ಹಿಡಿದಿದ್ದಳು. ಅಲ್ಲಿ ಕೂತು ಬೇಸರವಾಗಿ ಬೇಗಂ, "ನನ್ನಂಥ ಮುದುಕೀರಿಗೂ ಹಾಕ್ತೀರಾ ಡಾಕ್ಟ್ರೇ?" ಎಂದು ತಮಾಷೆಗೆ ಕೇಳಿದರು.

"ಒಸಡು ಗಟ್ಟಿಯಾಗಿದ್ರೆ ಯಾಕಾಗಲ್ಲ? ಎಲ್ಲಿ, ಬಾಯಿ ತೆಗೀರಿ."

ಐವತ್ತು ದಾಟಿದ ಬಾಯಿಗೆ ತಂತಿ ಬಂದದ್ದು ಹೀಗೆ. ಗಂಡ ಹೈದರ್ ನಕ್ಕೂ ನಕ್ಕೂ ಸುಸ್ತಾದರು.

ಅತ್ತೆ ಸೊಸೆ ಇಬ್ಬರಿಗೂ ಒಂದೇ ಚಿಕಿತ್ಸೆ. ಕೋರೆಹಲ್ಲಿನ ಪಕ್ಕದ ಹಲ್ಲು ಕಿತ್ತು ಜಾಗ ಮಾಡಿ, ಕೋರೆಹಲ್ಲನ್ನು ತಂತಿಯ ಮೇಲೆ ಮೆಲ್ಲಗೆ ಹಿಂದಕ್ಕೆ ಎಳೆದು ಸರಿಸುವುದು. ನೌರೀನ್ ಕೆಲಸದಿಂದ ಬಂದ ಕೂಡಲೇ ಇಬ್ಬರೂ ಕನ್ನಡಿ ಮುಂದೆ ಬಾಯಿ ಕಿಸಿದು ನಿಲ್ಲುತ್ತಿದ್ದರು. ಸೊಸೆಯ ಹಲ್ಲಿನ ಸಂದಿ ದಿನೇ ದಿನೇ ಕಿರಿದಾಯಿತು. ಅತ್ತೆಯ ಬಲಗಡೆಯ ಸಂದಿಯಲ್ಲಿ ಮಾತ್ರ ಊಟದ ಸೊಪ್ಪು ಎಂದಿನಂತೆ ಹಾಯಾಗಿ ಕೂತಿರುತ್ತಿತ್ತು.

ಕೊನೆಗೆ ಬೇಗಂ ಅಡುಗೆಮನೆಯಲ್ಲಿ ಯಾರೂ ಇಲ್ಲದಾಗ ಹೆಬ್ಬೆರಳಿನಿಂದ ಹಲ್ಲನ್ನು ತಳ್ಳತೊಡಗಿದರು. ನೀರು ಕುಡಿಯಲು ಬಂದ ಹೈದರ್ ನೋಡಿಯೇಬಿಟ್ಟರು.

"ಇದೇನೇ, ಕೆಟ್ಟು ನಿಂತ ಲಾರಿ ತಳ್ಳೋ ಹಂಗೆ ತಳ್ತಿದೀಯಾ?"

ಬೇಗಂಗೆ ಈ ಸಲ ನಗು ಬರಲಿಲ್ಲ. "ನಂಗೆ ವಯಸ್ಸಾಯ್ತು ಅಂತ ಹಲ್ಲಿಗೂ ಗೊತ್ತಾಗ್ಬಿಟ್ಟಿದೆ. ನಾಳೇನೇ ಹೋಗಿ ಬಿಚ್ಚಿಸಿಬಿಡ್ತೀನಿ," ಎಂದವರ ಕಣ್ಣು ತುಂಬಿತ್ತು.

ನೌರೀನ್ ಮರುದಿನ ಅರ್ಧ ದಿನ ರಜೆ ಹಾಕಿದಳು. "ಏನಾಗಿದೆ ಅಂತ ಒಂದ್ಸಲ ಕೇಳೋಣ ಅಮ್ಮೀ. ಆಮೇಲೆ ಬಿಚ್ಚಿಸೋದಾದ್ರೆ ಬಿಚ್ಚಿಸಿ."

ಡಾಕ್ಟರ್ ಪ್ರಮೋದಾ ಕನ್ನಡಿ ಇಟ್ಟು ಆ ಕಡೆ ಈ ಕಡೆ ಬಹಳ ಹೊತ್ತು ನೋಡಿದರು. ತಂತಿ ಬಿಚ್ಚಿ ದೀಪಕ್ಕೆ ಹಿಡಿದು, ಬೇಗಂಗೂ ತೋರಿಸಿದರು. ನುಣುಪಾದ ತಂತಿಯ ಮೇಲೆ ಒಂದು ಕಡೆ ಸಣ್ಣ ಸಣ್ಣ ಕಚ್ಚುಗಳು.

"ಹಲ್ಲು ಈ ತಂತಿ ಮೇಲೆ ಜಾರ್ಕೊಂಡು ಹೋಗ್ಬೇಕು. ನಿಮ್ ಹಲ್ಲು ಸ್ವಲ್ಪ ವಾಲಿದೆ. ಅದಕ್ಕೆ ಅಂಟಿಸಿರೋ ಈ ಪುಟ್ಟ ಲೋಹದ ಬ್ರಾಕೆಟ್ಟಿನ ಅಂಚು ತಂತೀನ ಕಚ್ಕೊಂಡ್ಬಿಟ್ಟಿದೆ. ತಂತೀನ ಅದಕ್ಕೆ ಕಟ್ಟಿರೋ ರಬ್ಬರ್ ಬಳೆ ಬೇರೆ ಒತ್ತಿ ಹಿಡ್ದಿದೆ. ಎಳೆಯೋ ಬಲವೆಲ್ಲ ಉಜ್ಜಾಟಕ್ಕೇ ಹೋಗ್ತಿದೆ. ಹೋದ ಸಲಾನೇ ನಾನು ಗಮನಿಸಬೇಕಿತ್ತು."

"ಹಂಗಾದ್ರೆ ಇನ್ನೂ ಜೋರಾಗಿ ಎಳೀರಿ. ನಾನು ತಡ್ಕೋತೀನಿ."

"ಬೇಡಮ್ಮ. ಎಳೆದಷ್ಟೂ ವಾಲುತ್ತೆ, ವಾಲಿದಷ್ಟೂ ಕಚ್ಕೊಳ್ಳುತ್ತೆ. ಮೊದಲು ನೆಟ್ಟಗೆ ನಿಲ್ಲಿಸೋಣ."

"ವಯಸ್ಸಿಂದ ಅಲ್ವಾ?"

"ವಯಸ್ಸಿಂದ ಆಗಿದ್ರೆ ಎಡಗಡೇದು ಹೆಂಗೆ ಹೋಯ್ತು?" ಎಂದು ಡಾಕ್ಟರು ಬೇಗಂ ಕೈಗೆ ಕನ್ನಡಿ ಕೊಟ್ಟರು.

ಬೇಗಂ ನೋಡಿದರು. ಎಡಗಡೆಯ ಸಂದಿ ಅರ್ಧಕ್ಕೂ ಹೆಚ್ಚು ಮುಚ್ಚಿಹೋಗಿತ್ತು! ಇಷ್ಟು ದಿನ ಅತ್ತೆ ಸೊಸೆ ಇಬ್ಬರೂ ಬಲಗಡೆಯನ್ನೇ ದಿಟ್ಟಿಸಿದ್ದರು. ನೌರೀನ್ ಗೋಡೆಗೆ ಒರಗಿ ಬಿದ್ದು ಬಿದ್ದು ನಕ್ಕಳು. ಕುರ್ಚಿಯಲ್ಲಿ ಮಲಗಿದ್ದ ಬೇಗಂ ಕೂಡ ನಗಲು ಹೋಗಿ ಕೆಮ್ಮಿದರು.

ಡಾಕ್ಟರ್ ತೆಳುವಾದ, ಬಳುಕುವ ತಂತಿ ಹಾಕಿದರು. ಬಿಗಿ ರಬ್ಬರಿನ ಬದಲು ಕೂದಲಿನಂಥ ಉಕ್ಕಿನ ಎಳೆಯನ್ನು ಸಡಿಲವಾಗಿ ಸುತ್ತಿದರು. ಹಲ್ಲು ನೆಟ್ಟಗಾದ ಮೇಲೆ ಮತ್ತೆ ಗಟ್ಟಿ ತಂತಿ ಬಂತು, ಎಳೆತ ಮಾತ್ರ ಹಗುರವಾಗಿಯೇ ಉಳಿಯಿತು. ಬಲಗಡೆಯ ಕೋರೆಹಲ್ಲು ಮೆಲ್ಲಗೆ ಹೊರಟಿತು. ಮಳೆಗಾಲ ಮುಗಿಯುವಷ್ಟರಲ್ಲಿ ಆ ಸಂದಿಯಲ್ಲಿ ಸೊಪ್ಪಿನ ಎಳೆಗೂ ಜಾಗವಿರಲಿಲ್ಲ.

ಆಮೇಲೊಂದು ದಿನ ಕ್ಲಿನಿಕ್ಕಿನ ಬೆಂಚಿನ ಮೇಲೆ ದವಡೆ ಹಿಡಿದು ಕೂತಿದ್ದ ಪಾಪಕ್ಕ ಎಂಬಾಕೆ, "ಈ ವಯಸ್ನಾಗೆ ಯಾಕವ್ವಾ ನಿಂಗೆ ಇದೆಲ್ಲ?" ಎಂದು ಕೇಳಿದಳು. ಬೇಗಂ ಆಕೆಯ ಪಕ್ಕ ಸರಿದು ಕೂತು, ತುಟಿ ಎತ್ತಿ ಬಲಗಡೆ ತೋರಿಸಿದರು, ಎಡಗಡೆ ತೋರಿಸಿದರು, ತಂತಿಯನ್ನು ಬ್ರಾಕೆಟ್ಟು ಎಲ್ಲಿ ಕಚ್ಚಿತ್ತು, ಯಾಕೆ ಕಚ್ಚಿತ್ತು ಎಂದು ವಿವರಿಸಿದರು. ಒಳಗಿನಿಂದ ಅವರ ಹೆಸರು ಕರೆದದ್ದು ಕೇಳಿಸಲೇ ಇಲ್ಲ. ಪಾಪಕ್ಕ ದವಡೆಯ ನೋವನ್ನೂ ಮರೆತು, "ಅಂಗಾರೆ ನಂದೂ ನೆಟ್ಟಗಾಯ್ತದಾ?" ಎಂದು ಬಾಯಿ ತೆರೆದಳು. ಬೇಗಂ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು.