ದಿನಕ್ಕೊಂದು ತಂಬಿಗೆ ನೀರು

ಮೂವತ್ತೊಂದು ವರ್ಷ ಆಸ್ಪತ್ರೆಯ ಲಾಂಡ್ರಿಯಲ್ಲಿ ಬಾಯ್ಲರ್ ನೋಡಿಕೊಂಡಿದ್ದ ಹೆಂಗಸಿಗೆ ಬೀದಿಯವರು ಇಟ್ಟ ಹೆಸರು ಬಾಯ್ಲರಮ್ಮ. ಸೋರಿಕೆಗೂ ಆಕೆಗೂ ಎಣ್ಣೆ ಸೀಗೆಕಾಯಿ. ನಲ್ಲಿ ತೊಟ್ಟಿಕ್ಕಿದರೆ ಅರ್ಧ ಊಟದಲ್ಲಿ ಎದ್ದು ಹೋಗುವ ಜಾತಿ. ಅಂಥವಳ ಮನೆಯ ಕಾರೇ ಈಗ ಹೊಟ್ಟೆಗೆ ಹಾಕಿದ ನೀರನ್ನೆಲ್ಲ ಎಲ್ಲೋ ಕಳೆದುಕೊಂಡು ಕುದಿಯುತ್ತಿತ್ತು. ನೆಲದ ಮೇಲೆ ನೋಡಿದರೆ ಒಂದು ಹನಿಯೂ ಇಲ್ಲ.

ಬೀದಿ ತುದಿಯ ಮೆಕ್ಯಾನಿಕ್ ಬಾನೆಟ್ ಎತ್ತಿ, ಇಳಿಸಿ, "ಹೆಡ್ ಗ್ಯಾಸ್ಕೆಟ್ ಹೋಗಿದೆ ಅಮ್ಮ. ಎಂಜಿನ್ ಬಿಚ್ಬೇಕು, ಹದಿನೈದು ದಿನ ಆಗುತ್ತೆ" ಎಂದು ಹೇಳಿ ಹೋಗಿದ್ದ. ಹದಿನೈದು ದಿನ ಕಾಯುವವರು ಯಾರು? ಗಂಡನ ಅಕ್ಕ ತೊಡೆಯಿಂದ ಹಿಮ್ಮಡಿಯವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು ಗುಡ್ಡದಾಚೆಯ ಆಸ್ಪತ್ರೆಯಲ್ಲಿ ಮಲಗಿದ್ದಳು. ನಾಳೆ ಮನೆಗೆ ಕಳಿಸುತ್ತಾರೆ. ಮಡಚಲಾಗದ ಆ ಕಾಲನ್ನು ಉದ್ದಕ್ಕೆ ಚಾಚಲು ಈ ಹಳೇ ಕಾರಿನ ಹಿಂದಿನ ಸೀಟೇ ಆಗಬೇಕು. "ನೀವು ಬರ್ಲಿಲ್ಲ ಅಂದ್ರೆ ಕುಂಟ್ಕೊಂಡೇ ಬರ್ತೀನಿ" ಎಂದು ಅತ್ತಿಗೆ ಫೋನಿನಲ್ಲಿ ಅಂದಿದ್ದಳು. ಆಡಿದ್ದನ್ನು ಮಾಡಿ ತೋರಿಸುವ ಹೆಂಗಸು ಅದು.

"ಮೆಕ್ಯಾನಿಕ್ಕೇ ಹೇಳಿದ್ಮೇಲೆ ಇನ್ನೇನು" ಎಂದ ಗಂಡ. ನಲವತ್ತು ವರ್ಷ ಬಸ್ ಓಡಿಸಿದವನು. ಮನೆಯಲ್ಲಿ ಕಾರು ಎಂದರೆ ಆತನ ಇಲಾಖೆ.

"ಅವನು ನೋಡಿದ್ದು ಬಾನೆಟ್ಟು, ಎಂಜಿನ್ನಲ್ಲ" ಎಂದು ಬಾಯ್ಲರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಆಯಿಲ್ ಕಡ್ಡಿ ಎಳೆದು ನೋಡಿದಳು, ಎಣ್ಣೆ ಎಣ್ಣೆಯಾಗಿಯೇ ಇತ್ತು, ನೀರು ಬೆರೆತು ಬೆಳ್ಳಗಾಗಿರಲಿಲ್ಲ. ಸೈಲೆನ್ಸರಿನಲ್ಲಿ ಬಿಳಿ ಹೊಗೆಯೂ ಇಲ್ಲ. ಹಾಗಾದರೆ ಗ್ಯಾಸ್ಕೆಟ್ ಸರಿಯಾಗಿದೆ, ನೀರು ಎಂಜಿನ್ ಒಳಗೆ ಹೋಗುತ್ತಿಲ್ಲ, ಹೊರಗೇ ಹೋಗುತ್ತಿದೆ.

ಹಳೇ ಚಪ್ಪಲಿಯ ಅಟ್ಟೆ ಕತ್ತರಿಸಿ, ಅದಕ್ಕೆ ಸೈಕಲ್ ಟ್ಯೂಬಿನ ವಾಲ್ವ್ ತೂರಿಸಿ, ತಣ್ಣಗಿದ್ದ ರೇಡಿಯೇಟರಿನ ಬಾಯಿಗೆ ಇಟ್ಟಳು. ಗಂಡ ಎರಡೂ ಕೈಯಲ್ಲಿ ಒತ್ತಿ ಹಿಡಿದ. ಆಕೆ ಸೈಕಲ್ ಪಂಪಿನಿಂದ ಮೆಲ್ಲಗೆ ಗಾಳಿ ಹೊಡೆದು, ರಬ್ಬರ್ ಪೈಪಿನ ಒಂದು ತುದಿಯನ್ನು ಕಿವಿಗಿಟ್ಟು ಇನ್ನೊಂದನ್ನು ಎಂಜಿನ್ ಸುತ್ತ ಆಡಿಸತೊಡಗಿದಳು.

"ಸದ್ದು ಮಾಡ್ಬೇಡಿ."

"ನಾನೆಲ್ಲಿ ಮಾಡ್ದೆ? ಉಸಿರಾಡ್ತಿದೀನಿ."

"ಸ್ವಲ್ಪ ಹೊತ್ತು ಅದೂ ಬೇಡ."

ಎಂಜಿನ್ನಿನ ಹಿಂಬದಿಯಲ್ಲಿ, ಹೊಗೆ ಕೊಳವೆಯ ಮೇಲುಗಡೆ, ಸುಸ್ಸ್ ಎಂದಿತು. ಮುಖ ನೋಡಿಕೊಳ್ಳುವ ಕನ್ನಡಿಯನ್ನು ಸಂದಿಗೆ ತೂರಿಸಿ ಟಾರ್ಚ್ ಬಿಟ್ಟಳು. ಎಂಜಿನ್ನಿನ ಗೋಡೆಯಲ್ಲಿ ದೊಡ್ಡ ನಾಣ್ಯದಷ್ಟಗಲದ ತಗಡಿನ ಮುಚ್ಚಳ, ತುಕ್ಕು ಹಿಡಿದು ನಡುವೆ ಸೂಜಿಮೊನೆಯಷ್ಟು ತೂತು. ಅಲ್ಲಿಂದ ಬಿದ್ದ ನೀರು ಕಾದ ಕೊಳವೆಯ ಮೇಲೆ ಆವಿಯಾಗಿ ಹೋಗುತ್ತಿತ್ತು, ನೆಲಕ್ಕೆ ಇಳಿಯುವುದೆಲ್ಲಿಂದ!

"ಸಿಕ್ತು ಕಳ್ಳ" ಎಂದು ಗೆದ್ದವಳಂತೆ ಕೆಳಗಿನ ತಿರುಪು ಬಿಚ್ಚಿ ಎಂಜಿನ್ನಿನ ನೀರನ್ನು ಬಿಳಿ ಟಬ್ಬಿಗೆ ಇಳಿಸಿದಳು. ಬಂದದ್ದು ಇಟ್ಟಿಗೆ ತೊಳೆದಂಥ ಕೆಂಚು ನೀರು. ಬಾಯ್ಲರಮ್ಮನ ಪಿತ್ತ ನೆತ್ತಿಗೇರಿತು.

"ಹಸಿರು ಕೂಲೆಂಟ್ ಇರ್ಬೇಕಾದ ಜಾಗಕ್ಕೆ ಬರೀ ನೀರು ಹಾಕಿದ್ಯಾರು?"

"ನಾನೇ" ಎಂದ ಗಂಡ, ತಪ್ಪೇನು ಎಂಬಂತೆ. "ದಿನಾ ಬೆಳಿಗ್ಗೆ ಒಂದು ತಂಬಿಗೆ. ಸ್ವಲ್ಪ ಕಮ್ಮಿ ಆಗ್ತಿತ್ತು. ನಿನಗ್ಯಾಕೆ ತಲೆನೋವು ಅಂತ."

"ದಿನಾ! ಎಷ್ಟು ಕಾಲದಿಂದ?"

"ಎರಡು ವರ್ಷ ಇರ್ಬೇಕು."

"ಮೂವತ್ತೊಂದು ವರ್ಷ ಬಾಯ್ಲರಿಗೆ ಶುದ್ಧ ಮಾಡದ ಹಸಿ ನೀರು ಒಂದು ಲೋಟಾನೂ ಬಿಟ್ಟವಳಲ್ಲ ನಾನು. ನನ್ನ ಮನೇಲೇ ನೀವು ನಲ್ಲಿ ನೀರು ಹುಯ್ದು ಕಬ್ಬಿಣಾನ ತುಕ್ಕಿಗೆ ತಿನ್ಸಿದೀರಲ್ರೀ! ಒಂದಿನಾನಾದ್ರೂ ಬಣ್ಣ ನೋಡ್ಲಿಲ್ವಾ?"

"ನೋಡ್ದೆ ಇರ್ತೀನಾ? ಹಸಿರೇ ಇತ್ತು."

ಆಕೆ ಟಬ್ಬನ್ನು ಆತನ ಕಾಲ ಬಳಿಗೆ ದೂಡಿದಳು. "ಈಗ ಹೇಳಿ, ಯಾವ ಬಣ್ಣ?"

ಆತ ಬಗ್ಗಿದ. ನಟ್ಟ ನಡು ಮಧ್ಯಾಹ್ನ, ಟಬ್ಬಿನ ಮೇಲೆ ಬಿಸಿಲು ಬಿದ್ದಿತ್ತು.

"ಹಸಿರು" ಎಂದ.

ಬಾಯ್ಲರಮ್ಮನ ನಾಲಿಗೆಯ ತುದಿಯಲ್ಲಿದ್ದ ಬೈಗುಳ ಅಲ್ಲೇ ನಿಂತಿತು. ಕಳೆದ ತಿಂಗಳು ಕಾರು ಗೇಟಿನ ಕಂಬಕ್ಕೆ ಉಜ್ಜಿದ್ದು, ಪೇಪರನ್ನು ಈಚೆಗೆ ಆಕೆಯ ಕೈಲೇ ಓದಿಸುತ್ತಿದ್ದದ್ದು, ಎಲ್ಲ ಒಟ್ಟಿಗೇ ಅರ್ಥವಾಯಿತು. ಒಂದೇ ಮಂಚದಲ್ಲಿ ಮಲಗಿ ಏಳುವವಳಿಗೆ ಇದು ಕಾಣಲಿಲ್ಲವಲ್ಲ ಎಂದು ತನ್ನ ಮೇಲೆಯೇ ಸಿಟ್ಟು ಬಂತು. ಆದರೆ ಅಳುತ್ತ ಕೂತರೆ ಎಂಜಿನ್ ರಿಪೇರಿಯಾಗುವುದಿಲ್ಲ.

ಸ್ಪೇರ್ ಅಂಗಡಿಯಿಂದ ಅದೇ ಅಳತೆಯ ಮುಚ್ಚಳ ತಂದಳು. ಹಳೆಯದರ ಒಂದು ಅಂಚಿಗೆ ಉಳಿ ಇಟ್ಟು ಬಡಿದಾಗ ಅದು ಅಡ್ಡ ತಿರುಗಿತು, ಇಕ್ಕಳದಲ್ಲಿ ಹಿಡಿದು ಎಳೆದಳು. ಮೊಣಕೈ ಎರಡು ಕಡೆ ಕಿತ್ತುಹೋಯಿತು. ಪೈಪಿನ ನೀರು ಬಿಟ್ಟು, ತಿಳಿನೀರು ಬರುವವರೆಗೆ ಎಂಜಿನ್ನಿನ ಹೊಟ್ಟೆ ತೊಳೆದಳು. ತೂತಿನ ಅಂಚನ್ನು ಉಪ್ಪು ಕಾಗದದಿಂದ ಉಜ್ಜಿ, ಅಂಟು ಸವರಿ, ಹೊಸ ಮುಚ್ಚಳವನ್ನು ಸುತ್ತಿಗೆಯಿಂದ ಸಮನಾಗಿ ಬಡಿದು ಕೂರಿಸಿದಳು. ಮೊದಲ ಸಲ ವಾರೆಯಾಯಿತು. ತೆಗೆದು, ಇನ್ನೊಂದು ತಂದು ಮತ್ತೆ ಬಡಿದಳು. ಕೂಲೆಂಟ್ ತುಂಬಿಸಿ ಮುಕ್ಕಾಲು ಗಂಟೆ ಎಂಜಿನ್ ಓಡಿಸಿಟ್ಟಳು. ಕಾವಿನ ಮುಳ್ಳು ನಡುವೆ ಬಂದು ನಿಂತಿತು, ಮೇಲೇರಲಿಲ್ಲ. ಅಷ್ಟು ಹೊತ್ತೂ ಗಂಡ ಪಕ್ಕದಲ್ಲಿ ಕೇಳಿದ ಸಾಮಾನನ್ನು ಕೈಯಲ್ಲಿ ತಡವಿ ತಡವಿ ಕೊಡುತ್ತಿದ್ದ. ತಡವುವುದನ್ನು ಆಕೆ ಇವತ್ತು ಕಣ್ಣಿಟ್ಟು ನೋಡಿದಳು.

ಮರುದಿನ ಬೆಳಿಗ್ಗೆ ಆತ ಇಸ್ತ್ರಿ ಶರ್ಟು ಹಾಕಿ, ಬೀಗದ ಕೈ ಹಿಡಿದು ಹೊರಗೆ ಬಂದ. ಡ್ರೈವರ್ ಸೀಟಿನಲ್ಲಿ ಆಗಲೇ ಬಾಯ್ಲರಮ್ಮ ಕೂತಿದ್ದಳು.

"ಕೊಡಿ ಇಲ್ಲಿ."

"ನೀನಾ? ಗುಡ್ಡದ ರಸ್ತೇಲಾ? ನೀನು ಗೇರ್ ಹಾಕೋ ಸದ್ದಿಗೆ ಊರೇ ಎದ್ದು ಕೂರುತ್ತೆ."

"ಕೂರ್ಲಿ. ಮೊದಲು ಕಣ್ಣಿನ ಡಾಕ್ಟ್ರು, ಆಮೇಲೆ ಅತ್ತಿಗೆ. ಎರಡೂ ಒಂದೇ ಆಸ್ಪತ್ರೆ."

ಆತ ಬೀಗದ ಕೈಯನ್ನು ಮುಷ್ಟಿಯಲ್ಲಿ ಬಿಗಿ ಹಿಡಿದ. "ನಲವತ್ತು ವರ್ಷ ಓಡಿಸ್ದವನು ಕಣೆ ನಾನು" ಎಂದ, ದನಿ ಸಣ್ಣದಾಗಿತ್ತು.

"ಗೊತ್ತು. ಅದಕ್ಕೇ ನನ್ನ ಹತ್ರಾನೂ ಹೇಳ್ಲಿಲ್ಲ ನೀವು. ಹತ್ತಿ."

ಆತ ಬೀಗದ ಕೈ ಕೊಟ್ಟು, ಆ ಕಾರಿನಲ್ಲಿ ಮೊಟ್ಟಮೊದಲ ಬಾರಿಗೆ ಪಕ್ಕದ ಸೀಟಿನಲ್ಲಿ ಕೂತ. ಗುಡ್ಡದ ಪ್ರತಿ ತಿರುವಿನಲ್ಲೂ ಆತನ ಬಲಗಾಲು ತಾನಾಗಿ ಮುಂದೆ ಚಾಚಿ, ಅಲ್ಲಿಲ್ಲದ ಬ್ರೇಕನ್ನು ಒತ್ತುತ್ತಿತ್ತು. ಅದು ಒತ್ತಿದಾಗಲೆಲ್ಲ ಬಾಯ್ಲರಮ್ಮ ಕಾರನ್ನು ನಿಧಾನ ಮಾಡಿದಳು.